ಚಿತ್ರದ ಕುದುರೆಗೆ ಹುಲ್ಲು

ಭರತನ ರಸಸೂತ್ರವನ್ನು ವ್ಯಾಖ್ಯಾನಿಸಿದವರಲ್ಲಿ ಶ್ರೀಶಂಕುಕನೆಂಬವನೊಬ್ಬ. ರಂಗದ ಮೇಲಿನ ನಟನಲ್ಲಿ ನಮಗೆ ರಾಮ ಕಾಣುವುದು ಹೇಗೆಂಬುದನ್ನು ತಿಳಿಸಲು ಅವನು ಚಿತ್ರದ ಕುದುರೆಯ ದೃಷ್ಟಾಂತ ಕೊಡುತ್ತಾನೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು 'ಇದು ಕುದುರೆ' ಎನ್ನುತ್ತೇವೆ. ಆ ತಿಳಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. ಒಮ್ಮೆ ಈ ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಆ ಕುದುರೆಗೆ ಹುಲ್ಲು ಹಾಕಿದರೆ ಏನಾಗುತ್ತದೆ ಮೇಡಂ?" ಎಂದ. ತರಗತಿ ನಕ್ಕಿತು, ನಾನೂ ನಕ್ಕು ಮುಂದಕ್ಕೆ ಹೋದೆ. ಆ ಪ್ರಶ್ನೆ ನಗುವಂಥದಲ್ಲವೆಂದು ಈಚೆಗೆ ತಿಳಿಯಿತು.

ಅಮೆರಿಕದಲ್ಲಿರುವ ನನ್ನ ತಮ್ಮ ಹೆಂಡತಿ ಮಕ್ಕಳೊಡನೆ ಫ್ಲಾರಿಡಾದ ಡಿಸ್ನಿ ವಿನೋದವನಕ್ಕೆ ಹೋಗಿಬಂದು ಫೋನು ಮಾಡಿದ್ದ. ಅಲ್ಲಿ 1973ರಿಂದ ಕಡಲುಗಳ್ಳರ ಆಟವೊಂದಿದೆ. ದೋಣಿಯಲ್ಲಿ ಕೂತರೆ ಅದು ಕತ್ತಲೊಳಗೆ ತೇಲಿಕೊಂಡು ಹೋಗುತ್ತದೆ. ಎರಡು ಪಕ್ಕದಲ್ಲೂ ಯಂತ್ರದ ಬೊಂಬೆಗಳು ಊರು ಸುಲಿಯುತ್ತವೆ, ಬೆಂಕಿಯಿಡುತ್ತವೆ, ಕುಡಿಯುತ್ತವೆ. ಹಂದಿಗಳ ನಡುವೆ ಮತ್ತನಾಗಿ ಬಿದ್ದಿರುವವನೂ ಒಬ್ಬ. ಮಕ್ಕಳು ಕಿಲಕಿಲ ನಗುತ್ತಾರೆ. ಈಗ ಆ ಆಟದ ಹತ್ತಿರದಲ್ಲೇ ಅದೇ ಕಥೆಯ ವೇಷ ತೊಟ್ಟ ಪಾನಗೃಹವೊಂದು ಬಂದಿದೆ. 2025ರ ಆಗಸ್ಟಿನಲ್ಲಿ ಬಾಗಿಲು ತೆರೆದ ಅದಕ್ಕೆ 'ಬೀಕ್ ಅಂಡ್ ಬ್ಯಾರಲ್' ಎಂದು ಹೆಸರು. "ಕಥೆಯ ಒಳಗೇ ಕೂತು ಕುಡಿದ ಹಾಗಿತ್ತಕ್ಕ" ಎಂದು ತಮ್ಮ ಸಂತೋಷಪಟ್ಟ. ನಾನು ಉತ್ತರ ಹೇಳದೆ ಇದ್ದುಬಿಟ್ಟೆ. ಅವನಿಗೆ ಅರ್ಥವಾಯಿತು.

ಈ ವನಗಳ ಮೂಲಪುರುಷ ವಾಲ್ಟ್ ಡಿಸ್ನಿ ಮಡಿವಂತನೇನಲ್ಲ. ಸಂಜೆಗೆ ಸ್ಕಾಚ್ ಕುಡಿಯುತ್ತಿದ್ದವನೇ. ಆದರೂ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಸ್ನಿಲ್ಯಾಂಡನ್ನು ತೆರೆದಾಗ ಸಾರ್ವಜನಿಕರಿಗೆ ಮದ್ಯ ಮಾರಲಿಲ್ಲ. ಅವನಿಗೆ ಆ ವನದ ಯೋಚನೆ ಹೊಳೆದ ಬಗೆಯನ್ನು ಅವನೇ ಹೇಳುತ್ತಿದ್ದ. ಹೆಣ್ಣುಮಕ್ಕಳಿಬ್ಬರು ಉದ್ಯಾನದಲ್ಲಿ ತಿರುಗುವ ಮರದ ಕುದುರೆಗಳ ಮೇಲೆ ಕೂತಿದ್ದರೆ ಅವನು ಬೆಂಚಿನ ಮೇಲೆ ಒಬ್ಬನೇ ಕಡಲೆಕಾಯಿ ತಿನ್ನುತ್ತ ಕಾದಿರುತ್ತಿದ್ದನಂತೆ. ಹೆತ್ತವರೂ ಮಕ್ಕಳೂ ಒಟ್ಟಿಗೆ ಆಡುವ ಒಂದು ಜಾಗ ಬೇಡವೆ ಎನಿಸಿತಂತೆ.

ಅವನು ತೀರಿಕೊಂಡದ್ದು 1966ರ ಡಿಸೆಂಬರಿನಲ್ಲಿ. ಮರುವರ್ಷ ಕಡಲುಗಳ್ಳರ ಆಟ ಮೊದಲು ಡಿಸ್ನಿಲ್ಯಾಂಡಿನಲ್ಲಿ ಆರಂಭವಾಯಿತು. ಅದೇ ವರ್ಷ ಅಲ್ಲಿಯೇ ಸದಸ್ಯರಿಗೆ ಮಾತ್ರ ಮದ್ಯ ಸಿಗುವ 'ಕ್ಲಬ್ 33' ಕೂಡ. ಪ್ಯಾರಿಸ್ಸಿನ ಬಳಿ 1992ರಲ್ಲಿ ತೆರೆದ ಡಿಸ್ನಿ ವನ ಮರುವರ್ಷವೇ ದ್ರಾಕ್ಷಾರಸಕ್ಕೆ ಮಣಿಯಿತು. ಫ್ಲಾರಿಡಾದ ವನ 1971ರಿಂದ ಹಿಡಿದಿದ್ದ ನಿಯಮವನ್ನು 2012ರಲ್ಲಿ ಒಂದು ಭೋಜನಶಾಲೆಯ ಮಟ್ಟಿಗೆ ಸಡಿಲಿಸಿತು. 2019ರಲ್ಲಿ ಡಿಸ್ನಿಲ್ಯಾಂಡಿನೊಳಗೆ ನಕ್ಷತ್ರಲೋಕದ ವೇಷದ ಪಾನಗೃಹವೊಂದು ಎಲ್ಲರಿಗೂ ತೆರೆಯಿತು. ಅಲ್ಲಿ ಒಬ್ಬರಿಗೆ ಎರಡೇ ಪಾನೀಯ, ಕೂರಲು 45 ನಿಮಿಷ. ಈ ಲೆಕ್ಕಾಚಾರವನ್ನು ಕಂಡರೆ, ತಾವು ಎಂಥ ವಸ್ತುವನ್ನು ಎಂಥ ಜಾಗಕ್ಕೆ ತಂದಿದ್ದೇವೆಂಬುದು ಆಡಳಿತದವರಿಗೂ ಗೊತ್ತಿರಬೇಕು.

ವಿಚಿತ್ರವೆಂದರೆ ಇದೇ ಕಾಲದಲ್ಲಿ ಚಿತ್ರವನ್ನು ತಿದ್ದುವ ಕೆಲಸವೂ ನಡೆಯಿತು. ಕಡಲುಗಳ್ಳರು ಹೆಂಗಸರನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವನ್ನು 1997ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಬದಲಾಯಿಸಿದರು. ಹೆಂಗಸರನ್ನು ಹರಾಜು ಹಾಕುವ ದೃಶ್ಯವನ್ನು 2018ರಲ್ಲಿ ತೆಗೆದರು. ತಿದ್ದಿದ್ದು ಸರಿಯೆ, ಹೆಣ್ಣಿನ ಹರಾಜು ನಗುವಂಥದಲ್ಲ. ಆದರೆ ಬೊಂಬೆಯ ನಡತೆಯ ಬಗ್ಗೆ ಇಷ್ಟು ಎಚ್ಚರ ವಹಿಸಿದವರೇ ಬೊಂಬೆಯ ಕೈಯ ಬಟ್ಟಲನ್ನು ನಿಜ ಮಾಡಿ ನೋಡುವವರ ಕೈಗಿತ್ತರು. ಬಟ್ಟಲು ಬರಿದಾಗಿದ್ದುದರಿಂದಲೇ ಅಲ್ಲವೆ ಆ ಕುಡುಕನನ್ನು ಕಂಡು ಮಗು ನಿರ್ಭಯವಾಗಿ ನಕ್ಕದ್ದು?

ಕುಡುಕನನ್ನು ಕಂಡು ನಗದ ಮಕ್ಕಳೂ ಇರುತ್ತಾರೆ. ನಾನು, ನನ್ನ ತಮ್ಮ, ಇಬ್ಬರೂ ಅಂಥವರು. ಅಪ್ಪ ಒಳ್ಳೆಯವರು, ಸಂಜೆ ಏಳರವರೆಗೆ ಒಳ್ಳೆಯವರು. ಆಮೇಲೆ ಚಿಲಕದ ಸದ್ದಿಗೆ ನಾವು ಪುಸ್ತಕ ಮುಚ್ಚಿ ನಿದ್ದೆ ಬಂದವರಂತೆ ಮಲಗುತ್ತಿದ್ದೆವು. ಊರ ತೇರಿನ ದಿನ ಮಾತ್ರ ಅವರು ಕುಡಿಯುತ್ತಿರಲಿಲ್ಲ. ಒಂದು ಕೈಯಲ್ಲಿ ನನ್ನನ್ನು, ಇನ್ನೊಂದು ಕೈಯಲ್ಲಿ ತಮ್ಮನನ್ನು ಹಿಡಿದು ಸಾರಾಯಿ ಅಂಗಡಿಯ ಮುಂದೆಯೇ ನಡೆದುಹೋಗುತ್ತಿದ್ದರು. ಜಾತ್ರೆಯಲ್ಲಿ ತಿರುಗುವ ಮರದ ಕುದುರೆಗಳಿದ್ದವು. ಮೊಣಕಾಲು ಎದೆಗೆ ತಾಗುವಂತೆ ಮುದುರಿ ಅಪ್ಪ ನಮ್ಮ ಹಿಂದಿನ ಕುದುರೆಯ ಮೇಲೆ ಕೂರುತ್ತಿದ್ದರು. ಆ ರಾತ್ರಿ ನಾವು ನಿಜವಾಗಿ ನಿದ್ದೆ ಮಾಡುತ್ತಿದ್ದೆವು.

ತಮ್ಮ ಮತ್ತೆ ಫೋನು ಮಾಡಿದಾಗ ಈ ಮಾತೇ ಬಂತು. "ಕುಡಿಯೋರೆಲ್ಲ ಅಪ್ಪ ಆಗೋದಿಲ್ಲ ಅಕ್ಕ. ನಾನು ಒಂದು ಲೋಟ ಕುಡಿದೆ, ಮಕ್ಕಳು ಪಾನಕ ಕುಡಿದರು, ಎದ್ದು ಬಂದೆವು" ಎಂದ. ಬೇಕಾದವರು ಕ್ಲಬ್ಬಿನಲ್ಲಿ ಮುಚ್ಚಿ ಕುಡಿಯುವುದಕ್ಕಿಂತ ಎಲ್ಲರೆದುರಿಗೆ ಮಿತವಾಗಿ ಕುಡಿಯುವುದು ಪ್ರಾಮಾಣಿಕವಲ್ಲವೆ ಎಂದ. ಕೊನೆಗೆ, "ತೇರಿನ ದಿನ ಅಪ್ಪನನ್ನ ಯಾವ ನಿಯಮ ತಡೀತು? ಅಂಗಡಿ ಎದುರಿಗೇ ಇತ್ತಲ್ಲ. ತಡೆದದ್ದು ಅವರ ಮನಸ್ಸು" ಎಂದ.

ಮೊದಲ ಎರಡು ಮಾತನ್ನು ಒಪ್ಪಿದೆ. ಅವನು ಅಪ್ಪನಲ್ಲ, ಅವನ ಮಕ್ಕಳು ಚಿಲಕದ ಸದ್ದಿಗೆ ಹೆದರಿದವರಲ್ಲ. ಗುಟ್ಟಿನ ಕ್ಲಬ್ಬಿಗಿಂತ ಬಯಲ ಅಂಗಡಿಯೇ ಮೇಲು. ಮೂರನೆಯದಕ್ಕೆ ಉತ್ತರ ಹುಡುಕಲು ಹಲವು ದಿನ ಬೇಕಾಯಿತು.

ಅಂಗಡಿ ಎದುರಿಗಿತ್ತು, ನಿಜ. ಆದರೆ ಅದು ಸಾರಾಯಿ ಅಂಗಡಿಯಾಗಿಯೇ ಇತ್ತು. ನಾನು ಜಾತ್ರೆ, ನಾನು ತೇರು ಎಂದು ಅದು ಹೇಳಿಕೊಳ್ಳಲಿಲ್ಲ. ಅದರ ಮುಖ ಅಪ್ಪನಿಗೆ ಗೊತ್ತಿತ್ತು. ಆದ್ದರಿಂದ ಆ ಒಂದು ದಿನ ಅದಕ್ಕೆ ಬೆನ್ನು ತಿರುಗಿಸಬಲ್ಲವರಾದರು. ಅದೇ ಸಾರಾಯಿ ಮರದ ಕುದುರೆಯ ಆಟದ ಒಂದು ಭಾಗವಾಗಿ ಬಂದಿದ್ದರೆ? 'ಬನ್ನಿ, ಕುದುರೆ ಸವಾರರು ಕುಡಿಯುವುದನ್ನೇ ನೀವೂ ಕುಡಿಯಿರಿ, ಮಕ್ಕಳ ಜೊತೆಗೇ ಕೂತು ಕುಡಿಯಿರಿ' ಎಂದಿದ್ದರೆ? ಆಗ ಬೇಡವೆನ್ನುವುದು ಸಾರಾಯಿಯನ್ನಲ್ಲ, ಮಕ್ಕಳ ಆಟವನ್ನೇ ಬೇಡವೆಂದಂತಾಗುತ್ತಿತ್ತು. ಅಷ್ಟು ಬಲ ಅಪ್ಪನಿಗಿರಲಿಲ್ಲ. ಅಷ್ಟು ಬಲ ಇಲ್ಲದವರು ಲೋಕದಲ್ಲಿ ಬಹಳ ಮಂದಿ.

ಪ್ರಲೋಭನವಿರುವುದು ತಪ್ಪಲ್ಲ, ಅದಿಲ್ಲದ ಲೋಕವಿಲ್ಲ. ಅದು ತನ್ನ ಮುಖದಲ್ಲೇ ನಮ್ಮೆದುರು ನಿಂತರೆ ಬೇಡವೆನ್ನಲು ಒಂದು ಅವಕಾಶವಾದರೂ ಉಳಿಯುತ್ತದೆ. ಕಥೆಯ ವೇಷ ಹಾಕಿಕೊಂಡು ಬಂದಾಗ ಆ ಅವಕಾಶ ಕಿರಿದಾಗುತ್ತದೆ. ತಮ್ಮನಂಥವರಿಗೆ ಇದರಿಂದ ನಷ್ಟವಿಲ್ಲ. ಆದರೆ ಒಂದು ಜಾಗದ ಗುಣವನ್ನು ಅಲ್ಲಿ ಬಲಶಾಲಿಗಳಿಗೆ ಸಿಗುವ ಸುಖದಿಂದ ಅಳೆಯಬೇಕೋ, ದುರ್ಬಲರಿಗೆ ಸಿಗುವ ಆಸರೆಯಿಂದ ಅಳೆಯಬೇಕೋ?

ಹಿಂದಿನ ಬೆಂಚಿನ ಹುಡುಗನಿಗೆ ಕೊಡಬೇಕಾದ ಉತ್ತರ ಈಗ ಸಿಕ್ಕಿದೆ. ಚಿತ್ರದ ಕುದುರೆ ಹುಲ್ಲು ತಿನ್ನುವುದಿಲ್ಲವಪ್ಪ. ಆದರೆ ಹುಲ್ಲಿನ ವಾಸನೆಗೆ ನಿಜವಾದ ಕುದುರೆಗಳು ಬರುತ್ತವೆ. ಹಸಿದಿರುವುದು ಅವು.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕುದುರೆ ಮೇಲೆ ಅಪ್ಪ ಎಷ್ಟು ಮುದುರಿ ಕೂರ್ತಿದ್ದರು, ಅಲ್ಲವಾ?" ಎಂದ. ಇಬ್ಬರೂ ನಕ್ಕೆವು. ವಾದ ಅಲ್ಲಿಗೆ ನಿಂತಿದೆ.