ಬಿಟ್ಟುಹೋದ "ಅಂತೆ"



ಹೋದ ಭಾನುವಾರ ಈ ಬಳಗಕ್ಕೆ ಬಾಬಾಸಾಹೇಬರ ಮಾತೆಂದು ಒಂದು ಸಾಲು ಕಳಿಸಿದ್ದೆ. ಹಿರಿಯ ಅಕ್ಕ ಒಬ್ಬರು ಕೇಳಿದರು: "ಯಾವ ಸಂಪುಟ, ಯಾವ ಪುಟ ತಮ್ಮಾ?" ನನ್ನ ಬಳಿ ಉತ್ತರವಿರಲಿಲ್ಲ. ಬಂದದ್ದನ್ನು ದಾಟಿಸಿದ್ದೆ, ಅಷ್ಟೆ. ನಾಲ್ಕನೆಯ ಶೀಲ ಮುರಿಯಿತೇ? ವಾರವೆಲ್ಲ ಅದೇ ಕೊರೆಯುತ್ತಿತ್ತು.

ನನ್ನದು ಕಂಪ್ಯೂಟರ್ ನೆಟ್‌ವರ್ಕ್ ಕೆಲಸ. 2015ರಲ್ಲಿ ಅಮೆರಿಕದ ಟ್ವಿಟರ್‌ನಲ್ಲಿ ನಡೆದದ್ದು ನೆನಪಾಯಿತು. ಅಲ್ಲಿನ ಸರ್ವರ್‌ಗಳಿಗೆ ಕೆಟ್ಟುಹೋದ ಮಾಹಿತಿ ಬರತೊಡಗಿತು. ಒಂದು ನೆಟ್‌ವರ್ಕ್ ಯಂತ್ರ ಪ್ಯಾಕೆಟ್‌ಗಳನ್ನು ಕೆಡಿಸುತ್ತಿತ್ತು. ಯಂತ್ರ ಕೆಡುವುದು ಸಹಜ. ಆದರೆ ಪ್ರತಿ ಪ್ಯಾಕೆಟ್ಟಿನೊಂದಿಗೆ ಚೆಕ್‌ಸಮ್ ಎಂಬ ಲೆಕ್ಕ ಇರುತ್ತದೆ. ತಾಳೆಯಾಗದಿದ್ದರೆ ಲಿನಕ್ಸ್ ಕರ್ನಲ್ ಅದನ್ನು ಬಿಸಾಡಬೇಕು. ಬಿಸಾಡಲಿಲ್ಲ, ಏಕೆ?

ಹುಡುಕಿದವರಿಗೆ ಸಿಕ್ಕಿದ್ದು ವೆತ್ ಎಂಬ ಡ್ರೈವರ್. ಕಂಪ್ಯೂಟರಿನೊಳಗಿನ ಕಂಟೇನರ್‌ಗಳಿಗೆ ಪ್ಯಾಕೆಟ್ ತಲುಪಿಸುವ, ಕಣ್ಣಿಗೆ ಕಾಣದ ತಂತಿ ಅದು. ನೆಟ್‌ವರ್ಕ್ ಕಾರ್ಡು 'ನಾನು ಖಾತ್ರಿ ಮಾಡಿಲ್ಲ' ಎಂಬ ಗುರುತು ಹಾಕಿಯೇ ಪ್ಯಾಕೆಟ್ ಕೊಡುತ್ತಿತ್ತು. ವೆತ್ ಆ ಗುರುತನ್ನು 'ಪರೀಕ್ಷೆ ಬೇಕಿಲ್ಲ' ಎಂದು ತಿದ್ದಿ ಮುಂದೆ ಕಳಿಸುತ್ತಿತ್ತು.

ಬರೆದವರು ಕೆಟ್ಟವರಲ್ಲ. ಅದೇ ಕಂಪ್ಯೂಟರಿನಲ್ಲಿ ಹುಟ್ಟಿ, ಹೊರಗಿನ ತಂತಿಯನ್ನೇ ದಾಟದ ಪ್ಯಾಕೆಟ್ಟಿಗೆ ಪರೀಕ್ಷೆ ನಿಜಕ್ಕೂ ಬೇಕಿಲ್ಲ. ಮನೆಯೊಳಗಿನದು ತಾನೇ ಎಂಬ ನಂಬಿಕೆ. ಹೊರಗಿನಿಂದ ಬಂದದ್ದಕ್ಕೂ ಅದೇ ನಂಬಿಕೆ ಅಂಟಿಕೊಂಡಿತು. ನನಗೂ ಆ ಸಾಲು ಕಳಿಸಿದ್ದು ನಮ್ಮವರೇ. ಕಾಲಾಮರಿಗೆ ಬುದ್ಧರು ಹೇಳಿದ ಎಚ್ಚರದಲ್ಲಿ ನಮ್ಮ ಗುರುವಿನ ಮಾತೆಂದು ನಂಬಿಬಿಡುವುದೂ ಸೇರಿದೆ. ನಾವೋ ಅದನ್ನು ಪುರೋಹಿತರ ಮಾತಿಗಷ್ಟೇ ಅನ್ವಯಿಸಿ ಸುಮ್ಮನಾಗುತ್ತೇವೆ.

ಸುಳ್ಳಿಗೆ ಮೋಸದ ಉದ್ದೇಶ ಬೇಕು, ನನ್ನಲ್ಲಿ ಅದಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಹಳೆಯ ಸಂದೇಶ ತೆಗೆದು ನೋಡಿದೆ. ನನಗೆ ಬಂದದ್ದರಲ್ಲಿ "ಬಾಬಾಸಾಹೇಬರು ಹೇಳಿದ್ದಾರಂತೆ" ಎಂದಿತ್ತು. ಕಳಿಸುವಾಗ ಚೆನ್ನಾಗಿರಲೆಂದು "ಅಂತೆ" ತೆಗೆದವನು ನಾನೇ.

ಕರ್ನಲ್ ಸರಿಪಡಿಸಲು ಹೊಸದೇನೂ ಬರೆಯಬೇಕಾಗಲಿಲ್ಲ. ಗುರುತು ತಿದ್ದುತ್ತಿದ್ದ ಕೆಲವು ಸಾಲುಗಳನ್ನು ಅಳಿಸಿದರು, ಲಿನಕ್ಸ್ 4.4ರಲ್ಲಿ ಅದು ಸೇರಿತು. ಬಳಕೆಯಲ್ಲಿದ್ದ ಹಳೆಯ ಆವೃತ್ತಿಗಳನ್ನೂ ತಿದ್ದಬೇಕಾಯಿತು, ಆ ಕೆಲಸವೇ ದೊಡ್ಡದು.

ಆ ಸಾಲನ್ನು ನಾನು ಇನ್ನೂ ಮೂರು ಗುಂಪುಗಳಿಗೆ ಕಳಿಸಿದ್ದೆ. ಎರಡಕ್ಕೆ ತಿದ್ದುಪಡಿ ಬರೆದಾಯಿತು. ಮೂರನೆಯದರಲ್ಲಿ ನಮ್ಮ ಮಾವನವರಿದ್ದಾರೆ, ಅದನ್ನೇ ಡಿಪಿ ಮಾಡಿಕೊಂಡಿದ್ದಾರೆ. ಸಂಜೆ ಫೋನ್ ಮಾಡಬೇಕು.