ಭಾಷೆ ಕಲಿತವನ ಋಣ

ಮಿನೆಸೋಟಾ ರಾಜ್ಯದ ಪಶ್ಚಿಮದಲ್ಲಿ, ಮಿನೆಸೋಟಾ ನದಿ ಅಗಲವಾಗಿ ಹರಡಿಕೊಂಡ ಕಡೆ, ಲಾಕ್ ಕಿ ಪಾರ್ಲ್ ಎಂಬ ಸರೋವರವಿದೆ. ನಮ್ಮ ಸದಸ್ಯರಲ್ಲಿ ನೋಡಿದವರು ಕಡಿಮೆ. ಫ್ರೆಂಚಿನಲ್ಲಿ ‘ಮಾತನಾಡುವ ಸರೋವರ’ ಎಂದರ್ಥ. ಆದರೆ ಹೆಸರು ಕೊಟ್ಟವರು ಡಕೋಟಾ ಜನ. ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚರು ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡರು, ಅಷ್ಟೆ.

1835ರಲ್ಲಿ ಅಲ್ಲಿಗೆ ಥಾಮಸ್ ವಿಲಿಯಮ್ಸನ್ ಎಂಬ ಪಾದ್ರಿ ಬಂದರು. ಅವರು ವೈದ್ಯರೂ ಹೌದು, ಹಾಗಾಗಿ ನನಗೆ ತುಸು ಪಕ್ಷಪಾತ! 1837ರಲ್ಲಿ ಸ್ಟೀಫನ್ ರಿಗ್ಸ್ ಬಂದು ಸೇರಿದರು. ಡಕೋಟಾ ತಾಯಿಯ ಮಗನಾದ ವ್ಯಾಪಾರಿ ಜೋಸೆಫ್ ರೆನ್ವಿಲ್ ಫ್ರೆಂಚ್ ಬೈಬಲ್ಲಿನ ವಾಕ್ಯ ಕೇಳಿ ಡಕೋಟಾದಲ್ಲಿ ಹೇಳುವುದು, ಇವರು ಬರೆದುಕೊಳ್ಳುವುದು. ಹೀಗೆ ಬೆಳೆದ ಕಲಿಕೆಯಿಂದ 1852ರಲ್ಲಿ ರಿಗ್ಸ್ ಸಂಪಾದಿಸಿದ ಡಕೋಟಾ ವ್ಯಾಕರಣ ಮತ್ತು ನಿಘಂಟು ಅಚ್ಚಾಯಿತು. ನಮಗೆ 1894ರ ಕಿಟೆಲ್ ನಿಘಂಟು ನೆನಪಾಗದೆ ಇರದು. ಅದೂ ಧರ್ಮಪ್ರಚಾರಕ್ಕೆ ಬಂದವರ ಶ್ರಮವೇ; ನಾವು ಇಂದಿಗೂ ಕೃತಜ್ಞತೆಯಿಂದ ತೆರೆಯುತ್ತೇವೆ.

ಡಕೋಟಾ ಜನರಿಗೆ ಆ ನೆಮ್ಮದಿ ದೊರೆಯಲಿಲ್ಲ. 1862ರ ಯುದ್ಧದ ನಂತರ ಸೈನಿಕ ನ್ಯಾಯಮಂಡಳಿ 303 ಮಂದಿಗೆ ಮರಣದಂಡನೆ ವಿಧಿಸಿತು. ಕೆಲವು ವಿಚಾರಣೆಗಳು ನಿಮಿಷಗಳಲ್ಲೇ ಮುಗಿದವು. ಆಪಾದಿತರ ವಿರುದ್ಧ ಮಾಹಿತಿ ಕಲೆಹಾಕಲು ನೆರವಾದವರು, ಭಾಷೆ ಬಲ್ಲ ರಿಗ್ಸ್. ಅಧ್ಯಕ್ಷ ಲಿಂಕನ್ ಪಟ್ಟಿಯನ್ನು ಮೊಟಕು ಮಾಡಿದ ಮೇಲೂ ಡಿಸೆಂಬರ್ 26ರಂದು ಮ್ಯಾಂಕೇಟೋದಲ್ಲಿ 38 ಜನರನ್ನು ಗಲ್ಲಿಗೇರಿಸಲಾಯಿತು.

ಒಬ್ಬರ ಭಾಷೆ ಕಲಿತವನಿಗೆ ಅವರ ಮೇಲೆ ಹಕ್ಕು ಬರುತ್ತದೆಯೋ, ಅವರ ಋಣ ಬರುತ್ತದೆಯೋ? ನನ್ನಲ್ಲಿಗೆ ಬರುವ ಸೊಮಾಲಿ ರೋಗಿಗಳಿಗಾಗಿ ನಾಲ್ಕಾರು ಮಾತು ಕಲಿತಿದ್ದೇನೆ. ‘ಎಲ್ಲಿ ನೋವು?’ ಎಂದು ಅವರದೇ ಮಾತಿನಲ್ಲಿ ಕೇಳಿದರೆ ಅಜ್ಜಿಯರ ಮುಖ ಅರಳುತ್ತದೆ. ಆಮೇಲೆ ಇಂಟರ್‌ಪ್ರಿಟರ್ ಮೂಲಕ, ನಾನು ಕೇಳದ ಮನೆಯ ಸಂಗತಿಗಳೂ ಹೊರಬರುತ್ತವೆ. ಅದರಲ್ಲಿ ಎಷ್ಟನ್ನು ಚಾರ್ಟಿನಲ್ಲಿ ಬರೆಯಬೇಕು ಎನ್ನುವಾಗ ಕೈ ತಡೆಯುತ್ತದೆ. ಆ ನಂಬಿಕೆಯನ್ನು ನಾನು ಸಾಲವೆಂದೇ ಎಣಿಸುತ್ತೇನೆ.

ರಿಗ್ಸ್ ದುಷ್ಟರಾಗಿದ್ದರು ಎನ್ನಲಾರೆ. ಯುದ್ಧದಲ್ಲಿ ಸತ್ತ ನೂರಾರು ವಲಸಿಗರ ದುಃಖವೂ ಅವರ ಎದುರಿಗಿತ್ತು. ಆದರೂ ಆ ಜನರಿಂದ ಕಲಿತ ಭಾಷೆಯನ್ನು ಅಂಥ ಅವಸರದ ವಿಚಾರಣೆಗೆ ಒದಗಿಸಬಾರದಿತ್ತು ಎಂದೇ ನನ್ನ ಅಭಿಪ್ರಾಯ.

ಉಳಿದ ಕೈದಿಗಳನ್ನು ಅಯೋವಾದ ಡೇವನ್‌ಪೋರ್ಟಿನಲ್ಲಿ ಸೆರೆಯಿಟ್ಟರು. ಪಾದ್ರಿಗಳ ಅಕ್ಷರಗಳನ್ನು ಕಲಿತಿದ್ದ ಅವರು ಹೆಂಡಿರು ಮಕ್ಕಳ ಬಗ್ಗೆ, ಬಿಡುಗಡೆಯ ಬಗ್ಗೆ ಡಕೋಟಾದಲ್ಲೇ ಕಾಗದ ಬರೆದರು. ಅಂಥ 50 ಕಾಗದಗಳು 2013ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪುಸ್ತಕವಾಗಿ ಬಂದಿವೆ. ಅನೇಕವು ರಿಗ್ಸ್ ಅವರ ಹೆಸರಿಗೇ ಬರೆದವು.