ಊರು ಉಪಕಾರ ಅರಿಯದೇ?

‘ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು.’ ಸೋತ ಕಾರ್ಪೊರೇಟರ್‌ಗಳ ಬಾಯಲ್ಲಿ ಈ ಗಾದೆ ಸದಾ ಸಿದ್ಧ. ನಲ್ಲಿ ಹಾಕಿಸಿದೆ, ಚರಂಡಿ ಮಾಡಿಸಿದೆ, ಓಟು ಮಾತ್ರ ಬೇರೆಯವನಿಗೆ ಬಿತ್ತು ಎನ್ನುವ ಸಂಕಟ ಅದರಲ್ಲಿದೆ. ಆದರೆ ಊರು ಉಪಕಾರವನ್ನು ಮರೆಯದೇ ಹೋದರೆ? ಗಾದೆ ಹೇಳದೆ ಬಿಟ್ಟ ಈ ಮಗ್ಗುಲನ್ನು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಮೇರಿಯನ್ ಬ್ಯಾರಿ ಬದುಕಿ ತೋರಿಸಿದರು.

1936ರಲ್ಲಿ ಮಿಸಿಸಿಪ್ಪಿಯ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದ ಬ್ಯಾರಿ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಬೆಳೆದವರು. ಅವರು ವಾಷಿಂಗ್ಟನ್ನಿಗೆ ಬಂದಾಗ ಅಲ್ಲಿ ಕಪ್ಪು ಜನರೇ ಹೆಚ್ಚು. ಆಡಳಿತದ ಹಗ್ಗ ಮಾತ್ರ ಸಂಸತ್ತಿನ ಕೈಯಲ್ಲಿ. ಅದನ್ನು ಊರಿನ ಕೈಗೆ ತರಲು ಬ್ಯಾರಿ ಬೀದಿಗಿಳಿದರು. 1973ರಲ್ಲಿ ಸ್ವಯಮಾಡಳಿತದ ಕಾಯ್ದೆ ಬಂತು, ಮರುವರ್ಷವೇ ಬ್ಯಾರಿ ನಗರಸಭೆಗೆ ಆರಿಸಿಬಂದರು. 1977ರಲ್ಲಿ ಬಂದೂಕುಧಾರಿಗಳು ನಗರಾಡಳಿತದ ಕಟ್ಟಡಕ್ಕೆ ನುಗ್ಗಿದಾಗ ಎದೆಗೆ ಗುಂಡು ಬಿದ್ದರೂ ಉಳಿದುಕೊಂಡರು. 1979ರಲ್ಲಿ ಮೇಯರ್ ಆದವರೇ ಹದಿಹರೆಯದ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಸಂಬಳದ ಕೆಲಸ ಕೊಡಿಸುವ ಯೋಜನೆ ತಂದರು. ‘ನನ್ನ ಮೊದಲ ಸಂಬಳ ಬ್ಯಾರಿ ಕೊಡಿಸಿದ್ದು’ ಎನ್ನುವವರು ಆ ಊರಿನಲ್ಲಿ ಇವತ್ತಿಗೂ ಸಿಗುತ್ತಾರೆ.

1990ರ ಜನವರಿಯಲ್ಲಿ, ಹೋಟೆಲ್ ಕೋಣೆಯೊಂದರಲ್ಲಿ ಕೊಕೇನ್ ಸೇದುತ್ತಿದ್ದ ಮೇಯರ್ ಎಫ್‌ಬಿಐನ ಗುಪ್ತ ಕ್ಯಾಮೆರಾದಲ್ಲಿ ಸೆರೆಯಾದರು. ಆರು ತಿಂಗಳ ಶಿಕ್ಷೆಯಾಯಿತು. 1992ರ ಏಪ್ರಿಲ್‌ನಲ್ಲಿ ಜೈಲಿನಿಂದ ಹೊರಬಂದರು. ಅದೇ ವರ್ಷ ಅನಕಾಸ್ಟಿಯಾ ನದಿಯಾಚೆಯ ಬಡವರ ಎಂಟನೇ ವಾರ್ಡು ಅವರನ್ನು ಗೆಲ್ಲಿಸಿ ನಗರಸಭೆಗೆ ಕಳಿಸಿತು. ಆತ ಪರಿಪೂರ್ಣನಲ್ಲದಿರಬಹುದು, ಈ ಊರಿಗೆ ಮಾತ್ರ ಪರಿಪೂರ್ಣ ಎಂಬುದೇ ಅವರ ಚುನಾವಣೆಯ ಘೋಷಣೆ! 1994ರಲ್ಲಿ ಮತ್ತೆ ಮೇಯರ್ ಆಗಿ ಆಯ್ಕೆಯಾದರು. ಅಷ್ಟರಲ್ಲಿ ಬೊಕ್ಕಸ ಬರಿದಾಗಿತ್ತು. 1995ರಲ್ಲಿ ಸಂಸತ್ತು ನಗರದ ಹಣಕಾಸನ್ನು ನಿಯಂತ್ರಣ ಮಂಡಳಿಯೊಂದರ ಕೈಗಿತ್ತಿತು. ಯಾವ ಸ್ವಯಮಾಡಳಿತಕ್ಕಾಗಿ ಬೀದಿಗಿಳಿದಿದ್ದರೋ, ಅದು ಅವರ ಕಾಲದಲ್ಲೇ ಅರ್ಧ ಕೈತಪ್ಪಿತು.

2005ರಿಂದ ಸಾಯುವವರೆಗೂ ಬ್ಯಾರಿ ಮತ್ತೆ ಎಂಟನೇ ವಾರ್ಡಿನ ಸದಸ್ಯ. ಆಪ್ತ ಸಂಬಂಧವಿದ್ದ ಮಹಿಳೆಗೆ ಸರ್ಕಾರಿ ಗುತ್ತಿಗೆ ಕೊಡಿಸಿದ್ದಕ್ಕೆ 2010ರಲ್ಲಿ, ನಗರದೊಂದಿಗೆ ವ್ಯವಹಾರವಿದ್ದ ಗುತ್ತಿಗೆದಾರರಿಂದ ನಗದು ಪಡೆದದ್ದಕ್ಕೆ 2013ರಲ್ಲಿ, ಸಭೆಯೇ ಅವರಿಗೆ ಛೀಮಾರಿ ಹಾಕಿತು. ವಾರ್ಡು ಕೈಬಿಡಲಿಲ್ಲ.

ಆ ಜನರನ್ನು ದಡ್ಡರೆನ್ನುವುದು ಸುಲಭ, ಸರಿಯಲ್ಲ. ಮಕ್ಕಳಿಗೆ ಸಿಕ್ಕ ಸಂಬಳ ಬ್ಯಾರಿಯ ಜೇಬಿನದಲ್ಲ, ಅವರದೇ ತೆರಿಗೆಯದು. ಕೊಡಿಸುವುದು ಮೇಯರ್‌ನ ಕರ್ತವ್ಯ. ಆದರೆ ಯಾರೂ ಕರ್ತವ್ಯವನ್ನೇ ಮಾಡದ ಕಡೆ, ಮಾಡಿದವನ ಕರ್ತವ್ಯ ಉಪಕಾರವಾಗಿ ಕಾಣುತ್ತದೆ. ನದಿಯಾಚೆಯವರನ್ನು ಬ್ಯಾರಿಗೆ ಒತ್ತೆಯಿಟ್ಟದ್ದು ಬರೀ ಬ್ಯಾರಿಯ ಮೋಡಿಯಲ್ಲ, ಅವರ ಹಿಂದಿನವರೆಲ್ಲರ ಉದಾಸೀನ. ಆ ಋಣವನ್ನೇ ಗುರಾಣಿಯಾಗಿ ಹಿಡಿದು ತಪ್ಪಿನಿಂದ ತಪ್ಪಿಗೆ ದಾಟಿದ್ದು ಮಾತ್ರ ಅವರದೇ ಹೊಣೆ. ಹೊಸ ತಪ್ಪಿಗೆ ಹಳೆಯ ಉಪಕಾರ ಉತ್ತರವಾಗಲಾರದು.

ಇನ್ನು ಗಾದೆಯ ಎರಡನೆಯ ಪಾದ. 2014ರ ನವೆಂಬರ್‌ನಲ್ಲಿ ಬ್ಯಾರಿ ತೀರಿಕೊಂಡರು. 2018ರಲ್ಲಿ ಅವರ ಕಂಚಿನ ಪ್ರತಿಮೆ ಎದ್ದು ನಿಂತದ್ದು, ಅವರಿಗೆ ಎರಡು ಸಲ ಛೀಮಾರಿ ಹಾಕಿದ ನಗರಸಭೆಯ ಕಟ್ಟಡದ ಮುಂದೆಯೇ. ಬೇಸಿಗೆ ಕೆಲಸದ ಯೋಜನೆಗೂ ಅವರದೇ ಹೆಸರು. ಹೆಣಕ್ಕೆ ಶೃಂಗಾರ ಗೊತ್ತಾಗದು, ನಿಜ. ಅದು ಬದುಕಿರುವವರು ತಮ್ಮ ಸಮಾಧಾನಕ್ಕೆ ಮಾಡಿಕೊಳ್ಳುವುದು, ಅದರಲ್ಲಿ ತಪ್ಪಿಲ್ಲ. ಊರು ಉಪಕಾರ ಅರಿಯಲಿ, ಪ್ರತಿಮೆ ನಿಲ್ಲಿಸಿ, ಹೆಸರಿಟ್ಟು ಋಣ ತೀರಿಸಲಿ. ಓಟು ಮಾತ್ರ ಹಿಂದಿನ ಋಣಕ್ಕಲ್ಲ, ಮುಂದಿನ ನಾಲ್ಕು ವರ್ಷದ ಕೆಲಸಕ್ಕೆ.